ಅತ್ತೆಯ ಅಗೇಟಿನಿಂದ ಹೋದ 0.07 ಗ್ರಾಂ

ಫೆಬ್ರುವರಿ 9, ಭಾನುವಾರ, ಮಧ್ಯಾಹ್ನ 3.10. ಪುಟ್ಟೇನಹಳ್ಳಿಯ ನಮ್ಮ ಮನೆಯ ಊಟದ ಮೇಜು. ಕಲ್ಲು 18.42 ಗ್ರಾಂ, ತಾಮ್ರದ ತಂತಿ 9.10 ಗ್ರಾಂ. ಡೈರಿಯಲ್ಲಿ ಇಷ್ಟು ಬರೆದುಕೊಂಡೇ ಕೆಲಸಕ್ಕೆ ಕೂತೆ. ನಾನು ತಂತಿ ಸುತ್ತಿ ಪದಕ ಮಾಡುತ್ತಿದ್ದ ಮೂವತ್ತೊಂದನೆಯ ಕಲ್ಲು ಇದು. ಹಿಂದಿನ ಮೂವತ್ತೂ ಅಂಗಡಿಯವು. ಹಾಳಾದರೆ ಇನ್ನೊಂದು ಸಿಗುತ್ತಿತ್ತು.

ಇದು ಹಾಗಲ್ಲ. ಗಿರಿನಗರದಲ್ಲಿರುವ ನನ್ನ ಸೋದರತ್ತೆ ಕೊಟ್ಟ ಅಗೇಟ್ ಕಲ್ಲು. ಅವರ ಯಜಮಾನರು, ಅಂದರೆ ನನ್ನ ಮಾವ, ಕಾರ್ಖಾನೆಯ ಟೂಲ್ ರೂಮಿನಿಂದ ನಿವೃತ್ತರಾದ ಮೇಲೆ ಕಲ್ಲು ತೇಯುವ ಹುಚ್ಚು ಹತ್ತಿಸಿಕೊಂಡಿದ್ದರು. ಭೀಮಾ ನದಿಯ ದಂಡೆಯಲ್ಲಿ ಆರಿಸಿ ತಂದ ಕಲ್ಲುಗಳನ್ನು, ಬಟ್ಟೆ ಒಗೆಯುವ ಜಾಗದಲ್ಲಿ ಕೂತು, ಗಾಜಿನ ಹಲಗೆಯ ಮೇಲೆ ಎಮರಿ ಪುಡಿಗೆ ನೀರು ಬೆರೆಸಿ ಕೈಯಲ್ಲೇ ತೇಯುತ್ತಿದ್ದರು. ಮೆಷೀನು ಮುಟ್ಟಿದವರಲ್ಲ. ಈ ಕಲ್ಲು ಅವರು ಕೊನೆಗೆ ತೇಯ್ದದ್ದು. ಅವರ ವರ್ಷಾಬ್ದಿಕ ಮುಗಿದ ಮೇಲೆ ಅತ್ತೆ ಅದನ್ನು ಕರ್ಚೀಫಿನಲ್ಲಿ ಕಟ್ಟಿ ನನ್ನ ಕೈಗಿಟ್ಟು, "ಕತ್ತಿಗೆ ಹಾಕ್ಕೊಳೋ ಹಾಗೆ ಮಾಡ್ಕೊಡೇ. ತೂತು ಮಾತ್ರ ಕೊರೀಬೇಡ" ಎಂದಿದ್ದರು. ತೂತಿಲ್ಲದೆ ಕಲ್ಲನ್ನು ಹಿಡಿಸುವುದಕ್ಕೇ ಅಲ್ಲವೇ ತಂತಿ ಸುತ್ತುವುದು. ಹಾಗಾಗಿ ಯಾಕೆ ಎಂದು ನಾನು ಕೇಳಲಿಲ್ಲ.

ಹಲಸಿನ ಬೀಜದಷ್ಟು ಕಲ್ಲು. ಬೂದು, ಜೇನು ಬಣ್ಣದ ಗೆರೆಗಳು. ಎಲ್ಲ ಕಡೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ಒಂದು ಅಂಚಿನಲ್ಲಿ ಮಾತ್ರ ಉಗುರಿನಗಲ ಮಂಕು. ಅದರೊಳಗೆ ಏನೋ ಕಪ್ಪಗಿನ ಕಲೆ. ಪಾಪ, ಕೊನೆಗೆ ಮಾವನ ಕೈ ಸೋತಿರಬೇಕು ಎಂದುಕೊಂಡೆ. ಆ ಕೊರತೆ ಅತ್ತೆಯ ಕಣ್ಣಿಗೆ ಬೀಳದ ಹಾಗೆ ಮುಚ್ಚಿಬಿಡೋಣ ಅನ್ನಿಸಿತು.

ಮೂರು ತಂತಿ ಜೋಡಿಸಿ ಚೌಕಟ್ಟು ಮಾಡಿದೆ. ಮಂಕಾದ ಜಾಗದ ಮೇಲೆ ಸಣ್ಣ ತಂತಿಯನ್ನು ಒಂಬತ್ತು ಸುತ್ತು ಬಿಗಿದು, ಇಕ್ಕಳದಿಂದ ಒತ್ತಿ ಕೂರಿಸಿದೆ. ಡೈರಿಯಲ್ಲಿ ಹೀಗಿದೆ: "4.50. ಬೆರಳು ಬೆವರಿದೆ. ಒರೆಸಿಕೊಂಡೆ."

6.05ಕ್ಕೆ ಮುಗಿಯಿತು. ಉಳಿದ ತಂತಿ, ಚೂರು ಎಲ್ಲ ಸೇರಿ 3.86. ಅಂದರೆ ಕಲ್ಲಿನ ಮೇಲೆ 5.24. ಪದಕ 23.66 ತೂಗಬೇಕು. 23.59 ತೂಗಿತು. ಎರಡು ಸಲ, ಐದು ಸಲ ತೂಗಿದೆ. ಯಾವಾಗಲೂ ತೂಗಿ ನೋಡುವ ಒಂದು ರೂಪಾಯಿ ನಾಣ್ಯ ಇಟ್ಟೆ, ತಕ್ಕಡಿ ಸರಿಯಿತ್ತು. ತಂತಿ ಚೂರು ಸಿಡಿದಿರಬೇಕೆಂದು ಅಯಸ್ಕಾಂತ ಹಿಡಿದು ನೆಲವೆಲ್ಲ ಹುಡುಕಿ, ತಾಮ್ರ ಅದಕ್ಕೆ ಅಂಟುವುದಿಲ್ಲ ಅಂತ ಆಮೇಲೆ ನೆನಪಾಗಿ, ಕಸ ಗುಡಿಸಿ ಸೋಸಿದೆ. ಏನೂ ಸಿಗಲಿಲ್ಲ.

ಮಾರನೆಯ ದಿನ ಸಂಜೆ ಗಿರಿನಗರಕ್ಕೆ ಹೋದೆ. ಅತ್ತೆ ಪದಕವನ್ನು ಕತ್ತಿಗೆ ಹಾಕಿಕೊಳ್ಳಲಿಲ್ಲ. ಕಿಟಕಿ ಹತ್ತಿರ ಒಯ್ದು, ಬಿಸಿಲಿಗೆ ಹಿಡಿದು, ಆ ಕಡೆ ಈ ಕಡೆ ವಾಲಿಸಿದರು. ಮತ್ತೆ ವಾಲಿಸಿದರು.

"ಎಲ್ಲಿ ಹೋಯ್ತೇ?"

"ಏನತ್ತೆ?"

"ನೀರು."

ನನಗೆ ಅರ್ಥವಾಗಲಿಲ್ಲ.

"ಒಳಗೆ ನೀರಿತ್ತಲ್ಲೇ. ಗುಳ್ಳೆ ಓಡಾಡ್ತಿತ್ತು. ಗಾರೆ ಕೆಲಸದವರು ರಸಮಟ್ಟ ಇಡಲ್ವಾ, ಹಾಗೆ. ನಿಮ್ಮಾವ ಅದನ್ನ ಊಟದ ಟೇಬಲ್ ಮೇಲಿಟ್ಟು, ನೋಡೇ, ನಿಮ್ಮಪ್ಪ ಕಟ್ಸಿರೋ ಮನೆ ವಾಲಿದೆ ಅಂತ ನನ್ನ ದಿನಾ ರೇಗಿಸೋರು."

"ಆ ಮಂಕಾಗಿರೋ ಕಡೆ..."

"ಅಲ್ಲೇ. ಇನ್ನೊಂದು ಸಲ ತೇಯ್ದ್ರೆ ಒಡ್ದುಹೋಗತ್ತೆ ಅಂತ ನಿಲ್ಲಿಸ್ಬಿಟ್ರು. ನೀನು ನೋಡಿರ್ತೀಯ ಅಂದ್ಕೊಂಡೆ. ಪ್ರಪಂಚದ್ದೆಲ್ಲ ಬರ್ಕೊಳೋಳು ನೀನು."

ಬ್ಯಾಗಿನಿಂದ ಡೈರಿ ತೆಗೆದೆ, 4.50ರ ಸಾಲು ತೋರಿಸಿದೆ. ಅತ್ತೆ ಕನ್ನಡಕ ಏರಿಸಿ ಓದಿದರು.

"ಯಾವುದಕ್ಕೆ ಒರೆಸ್ಕೊಂಡೆ?"

"ಚೂಡಿದಾರಕ್ಕೆ."

"ಒಗೆದ್ಬಿಟ್ಯಾ?"

"ಬೆಳಗ್ಗೆ ಮೆಷೀನಿಗೆ ಹಾಕ್ದೆ ಅತ್ತೆ."

ಅತ್ತೆ ಒಳಗೆ ಹೋಗಿ ಹಾಲಿನ ಒಲೆ ಆರಿಸಿ ಬಂದರು. ಬೈದಿದ್ದರೆ ಚೆನ್ನಾಗಿತ್ತು. ಕೋಟ್ಯಂತರ ವರ್ಷದ ಹಿಂದೆ ಕಲ್ಲು ರೂಪುಗೊಳ್ಳುವಾಗಲೇ ಒಳಗೆ ಸಿಕ್ಕಿಕೊಂಡ ನೀರು ಇರಬಹುದು ಅಂತ ಆಮೇಲೆ ಓದಿದೆ. ಆ ಹೊತ್ತಿಗೆ ನನಗೆ ಅಷ್ಟು ದೂರದ್ದೆಲ್ಲ ಹೊಳೆಯಲಿಲ್ಲ. ಮಾವ ಎರಡು ವರ್ಷ ಜೋಪಾನ ಮಾಡಿದ್ದನ್ನು ಒಂದು ನಿಮಿಷದಲ್ಲಿ ಬೆವರು ಅಂತ ಒರೆಸಿಬಿಟ್ಟೆನಲ್ಲ, ಅಷ್ಟೇ.

"ತಂತಿ ಬಿಚ್ಚು" ಎಂದರು ಅತ್ತೆ.

ಅಲ್ಲೇ ಕೂತು ಚೌಕಟ್ಟನ್ನೂ ಒಂಬತ್ತು ಸುತ್ತನ್ನೂ ಬಿಚ್ಚಿದೆ. ಸುತ್ತಿನಡಿ ಕೂದಲೆಳೆಯಷ್ಟು ಬಿರುಕು. ತಕ್ಕಡಿ ಜೊತೆಗೇ ತಂದಿದ್ದೆ. ಕಲ್ಲು 18.35. ಲೆಕ್ಕ ತಾಳೆಯಾಯಿತು. ಲೆಕ್ಕ ತಾಳೆಯಾದದ್ದಕ್ಕೆ ಬೇಸರವಾದದ್ದು ಅದೇ ಮೊದಲು.

ಅತ್ತೆ ಒಂದು ಸ್ಟೀಲ್ ಬಟ್ಟಲಲ್ಲಿ ನೀರು ತಂದು ಕಲ್ಲನ್ನು ಅದರಲ್ಲಿ ಬಿಟ್ಟರು. "ಹೋದ ದಾರೀಲೇ ವಾಪಸ್ ಬರ್ಲಿ" ಎಂದರು. ತಮಾಷೆಗೋ ಅಲ್ಲವೋ ಗೊತ್ತಾಗಲಿಲ್ಲ.

ಅಂದಿನಿಂದ ಪ್ರತಿ ಭಾನುವಾರ ಹೋಗುತ್ತೇನೆ. ಕಲ್ಲನ್ನು ಒರೆಸಿ, ಫ್ಯಾನಿನಡಿ ಒಂದು ಗಂಟೆ ಒಣಗಿಸಿ ತೂಗುತ್ತೇನೆ. ಹದಿನಾಲ್ಕು ಭಾನುವಾರ ಆಯಿತು. ಹದಿಮೂರು ಸಲ 18.35. ಒಂದು ಸಲ 18.36 ಬಂದಾಗ ಅತ್ತೆ ಕಲ್ಲನ್ನು ಕಿಟಕಿಗೆ ಒಯ್ದು ಬಹಳ ಹೊತ್ತು ವಾಲಿಸಿ ನೋಡಿದರು. ನಾನು ಸರಿಯಾಗಿ ಒರೆಸಿರಲಿಲ್ಲ, ಅಷ್ಟೇ. ಅದನ್ನು ಅವರಿಗೆ ಹೇಳಲಿಲ್ಲ, ಡೈರಿಯಲ್ಲಿ ಬರೆದಿದ್ದೇನೆ.

ಇಂಥ ಕಲ್ಲಿನೊಳಕ್ಕೆ ಕೂದಲೆಳೆಯ ಬಿರುಕಿನಿಂದ ನೀರು ಮತ್ತೆ ಹೋಗಬಲ್ಲದೇ? ಹೋಗುವುದಾದರೆ ಎಷ್ಟು ತಿಂಗಳು? ಬಿಸಿ ನೀರೋ, ತಣ್ಣೀರೋ? ಹೋದ ಮೇಲೆ ಬಾಯಿ ಮುಚ್ಚುವುದು ಯಾತರಿಂದ? ಹದಿನಾಲ್ಕು ತೂಕವನ್ನೂ ತಾರೀಖಿನ ಸಮೇತ ಕಳಿಸಿಕೊಡುತ್ತೇನೆ. ಬಲ್ಲವರು ದಯವಿಟ್ಟು ಬರೆಯಿರಿ. ಆಗುವುದಿಲ್ಲ ಎಂದಾದರೆ ಅದನ್ನೂ ಬರೆಯಿರಿ. ಅತ್ತೆ ದಿನಾ ಬೆಳಗ್ಗೆ ಬಟ್ಟಲಿನ ನೀರು ಬದಲಿಸುತ್ತಿದ್ದಾರೆ.