ಸಾಹುಕಾರರ ಪಿಸುಮಾತು

ಕೂಲಿ ಹೆಚ್ಚಿಸಿರೆಂದು ಪವರ್‌ಲೂಮ್ ನಿಲ್ಲಿಸಿ ನಾವು ಬನಹಟ್ಟಿಯ ರಸ್ತೆ ಬದಿಗೆ ಪೆಂಡಾಲು ಹಾಕಿಕೊಂಡು ಕೂತಿದ್ದೆವು. ನಾಲ್ಕನೇ ತರಗತಿಗೇ ಶಾಲೆ ಬಿಟ್ಟವನು ನಾನು. ಆದರೂ ನೇಕಾರರ ಪರ ಮಾತಾಡಲು ನನ್ನನ್ನೇ ಆರಿಸಿದ್ದರು. ನೂಲು ಕೊಟ್ಟು ನಮ್ಮಿಂದ ಸೀರೆ ನೇಯಿಸುವ ಸಾಹುಕಾರರು ಮಾತ್ರ ಮಾತುಕತೆಗೆ ಒಪ್ಪುತ್ತಿರಲಿಲ್ಲ. ಅವರು ಮಾತಿಗೆ ಕೂರದಿದ್ದರೆ ಹಳೆಯ ಕೂಲಿಗೇ ತಲೆ ತಗ್ಗಿಸಿ ಮಗ್ಗಕ್ಕೆ ಮರಳಬೇಕಿತ್ತು.

ಅಂಥ ಹೊತ್ತಿನಲ್ಲಿ ಹುಬ್ಬಳ್ಳಿಯಿಂದ ನಾಲ್ವರು ಹುಡುಗರು ಬಂದರು. ಗಂಡು ಗಂಡನ್ನು ಪ್ರೀತಿಸುವುದು ತಪ್ಪಲ್ಲ ಎಂದು ಹೋರಾಡುವವರು. ನಮಗೆ ಬೆಂಬಲವೆಂದು ಕಾಮನಬಿಲ್ಲಿನ ಬಣ್ಣದ ಬಾವುಟ ಕಟ್ಟಿದರು. ನಮ್ಮವರು ಮೊದಲು ಅದರ ಅಂಚನ್ನು ಬೆರಳಲ್ಲಿ ತಿಕ್ಕಿ ನೋಡಿದರು.

“ನೇದ ಪಟ್ಟಿ ಅಲ್ಲಲೇ, ಬರೇ ಪ್ರಿಂಟ್. ಒಂದ ಮಳಿಗೆ ಬಣ್ಣ ಹೋಗತೈತಿ,” ಎಂದ ನಮ್ಮ ಹಿರಿಯ ನೇಕಾರ.

ಒಬ್ಬ ಹುಡುಗ ನಕ್ಕ. “ಕಾಕಾ, ನಾವು ಹಿಂಗ ಅಂತ ಗೊತ್ತಾದ್ರ ನಮ್ಮನ್ನ ಕೆಲಸದಿಂದ ತಗೀತಾರ್ರಿ. ಅದಕ್ಕ ನಿಮ್ಮ ಜೋಡಿ ಕೂಡಾಕ ಬಂದೇವಿ.”

“ಕೂಲಿ ಕೇಳಿದ್ರ ನಮ್ಮನ್ನೂ ತಗೀತಾರ. ಕೂಡ್ರೋ ತಮ್ಮಾ. ಆದ್ರ ಬಾವುಟದ ಅರಿವಿ ಮಾತ್ರ ಛಲೋ ಇಲ್ಲ.”

ಮಧ್ಯಾಹ್ನ ಸಾಹುಕಾರರ ಕಾರು ರಸ್ತೆಯಾಚೆ ನಿಂತಿತು. ನನ್ನನ್ನು ಕೈಮಾಡಿ ಕರೆದರು. ಪೆಂಡಾಲಿಗೆ ಮುಖ ಮಾಡಿ ನಿಂತು, ನನ್ನ ಕಿವಿಯತ್ತ ಬಾಗಿ ಪಿಸುಗುಟ್ಟಿದರು: “ಆ ನಾಲ್ಕು ಮಂದೀನ ಬಸ್ ಹತ್ತಸು. ನಾಳೇನ ಮಾತಿಗೆ ಕೂಡ್ತೇನಿ. ನಿಮ್ಮವರಿಗೆ ಹೇಳಬ್ಯಾಡ. ಹುಂಬರು, ಅವ್ರಿಗೇನ ತಿಳೀತೈತಿ?”

ಗಾದಿಯ ಮೇಲೆ ಕೂತೇ ವ್ಯಾಪಾರ ಮಾಡಿದವರಿಗೆ ಮಗ್ಗದ ಮನೆಯ ರೀತಿ ಗೊತ್ತಿರಲಿಲ್ಲ. ಆ ಸದ್ದಿನಲ್ಲಿ ಕಿವಿಗೆ ಏನೂ ಕೇಳುವುದಿಲ್ಲ. ಒಬ್ಬರ ತುಟಿ ಒಬ್ಬರು ನೋಡಿಯೇ ನಾವು ಅತ್ತೆ ಸೊಸೆಯರ ಜಗಳದವರೆಗೆ ಎಲ್ಲವನ್ನೂ ಮಾತಾಡಿಕೊಳ್ಳುತ್ತೇವೆ. ಸಾಹುಕಾರರ ಗುಟ್ಟು ಇಡೀ ಪೆಂಡಾಲಿಗೆ ಮುಟ್ಟಿತ್ತು.

ನಾನು ಬಾಯಿ ತೆರೆಯುವ ಮೊದಲೇ ಹಿರಿಯ ಎದ್ದು ಕೂಗಿದ: “ಹುಂಬರು ಒಲ್ಲೆವು ಅಂತಾರ್ರೀ ಸಾಹುಕಾರ್ರ!”

ಪೆಂಡಾಲೆಲ್ಲ ಗೊಳ್ಳೆಂದು ನಕ್ಕಿತು. ಸಾಹುಕಾರರು ನನ್ನನ್ನೂ ಪೆಂಡಾಲನ್ನೂ ಬೆರಗಿನಿಂದ ನೋಡಿ ಕಾರು ಹತ್ತಿದರು. ಕಾರಿನ ಹಿಂದೆ ನಾಳಿನ ಮಾತುಕತೆಯೂ ಹೋಯಿತು.

“ಏನಂದ್ರರಿ ಅವ್ರು?” ಹುಡುಗರಿಗೆ ಏನೂ ತಿಳಿದಿರಲಿಲ್ಲ.

“ನಿಮ್ಮನ್ನ ಕಳಸಂದ್ರು. ಇನ್ನೂ ಉಂಡಿಲ್ಲ ನೀವು, ಅದ್ಹೆಂಗ ಕಳಸೂದು?” ಎಂದು ಹಿರಿಯ ರೊಟ್ಟಿಯ ಗಂಟು ಬಿಚ್ಚಿದ.

ಮದುವೆ ಸುಗ್ಗಿಯ ಸೀರೆಗಳು ಮಗ್ಗದಲ್ಲೇ ನಿಂತಾಗ ಸಾಹುಕಾರರು ಷರತ್ತಿಲ್ಲದೆ ಮಾತಿಗೆ ಕೂತರು. ಕೇಳಿದಷ್ಟಲ್ಲ, ಆದರೂ ಕೂಲಿ ಏರಿತು. ಅವತ್ತು ಪಕ್ಕದ ಗುಮಾಸ್ತನೊಡನೆ ಮಾತಾಡುವಾಗಲೆಲ್ಲ ಅವರು ಬಾಯಿಗೆ ಕರವಸ್ತ್ರ ಹಿಡಿದುಕೊಳ್ಳುತ್ತಿದ್ದರು.