ಖೇಣಿದಾರನ ಕೈಗೆ ಸಿಕ್ಕ ಸ್ಕಾಚ್

ಹೊಳಲ್ಕೆರೆಯಲ್ಲಿ ರುದ್ರಪ್ಪನ ಅಡಿಕೆ ಸುಲಿಯೋ ಯಂತ್ರ ರಿಪೇರಿ ಮಾಡಿದ ಖುಷಿಗೆ, ನನ್ನ ಭಾವಮೈದುನ ಕೊಟ್ಟಿದ್ದ ಸಿಂಗಲ್ ಮಾಲ್ಟ್ ಸ್ಕಾಚ್ ಬಾಟಲಿಯನ್ನು ಬ್ಯಾಗಿನಿಂದ ತೆಗೆದೆ. ರುದ್ರಪ್ಪ ಖೇಣಿದಾರ. ಅಂದರೆ ಇನ್ನೊಬ್ಬರ ತೋಟದ ಫಸಲನ್ನು ಮರದ ಮೇಲಿರುವಾಗಲೇ ವಹಿಸಿಕೊಂಡು, ಕೊಯ್ದು, ಬೇಯಿಸಿ, ತನ್ನ ಮಾಲು ಅಂತ ಮಂಡಿಗೆ ಹಾಕುವವನು.

"ಇದ್ಯಾವ ಕಂಪನೀದ್ರಿ? ಹೆಸ್ರೇ ಕೇಳಿಲ್ಲ," ಎಂದ.

ನನ್ನ ಜ್ಞಾನ ಉಕ್ಕಿತು. ವಿಸ್ಕಿ ಕಾಯಿಸಿದವನೇ ಬೇರೆ. ಈ ಲೇಬಲ್ಲಿನ ಕಂಪನಿಯವನು ಅವನಿಂದ ಒಂದೇ ಒಂದು ಪೀಪಾಯಿ ಆರಿಸಿ ಕೊಂಡು, ಬಾಟಲಿಗೆ ತುಂಬಿಸಿ, ತನ್ನ ಹೆಸರು ಹಚ್ಚಿದ್ದಾನೆ ಎಂದು ವಿವರಿಸಿದೆ.

"ಹಂಗಾರೆ ನಮ್ಮಂಗೆ ಖೇಣಿ ಗಿರಾಕಿ ಅನ್ರಿ!"

"ಹಾಗಲ್ಲ. ಇವರು ಬಣ್ಣ ಗಿಣ್ಣ ಬೆರೆಸಲ್ಲ, ಅಪ್ಪಟ ಮಾಲು."

"ಮಂಡೀಲಿ ನಾನೂ ಅದನ್ನೇ ಹೇಳದು."

ನಾನು ಸುರಿದುಕೊಟ್ಟ ಗ್ಲಾಸನ್ನು ಕಿಟಕಿಯ ಬಿಸಿಲಿಗೆ ಹಿಡಿದು ನೋಡಿದ. "ಬಣ್ಣ ಹಾಕಿಲ್ಲ ಅನ್ನದು ಮಾತ್ರ ದಿಟ. ಅಡಿಕೆ ಬೇಯಿಸಿದ ಕೆಂಪು ಚೊಗರಲ್ಲಿ ಅದ್ದದೇ ಒಣಗಿಸಿದ ಅಡಿಕೆ ಇದ್ದಂಗೆ ಬಿಳಿಚ್ಕೊಂಡೈತೆ."

"ಮೊದಲು ಮೂಸಬೇಕು ರುದ್ರಪ್ಪ."

"ಮೂಸಕ್ಕೆ ನಾನೇನು ನಾಯೇನ್ರಿ?" ಎಂದವನೇ ಒಂದೇ ಗುಟುಕಿಗೆ ಇಳಿಸಿದ. ಆಮೇಲೆ ಕಣ್ಣು ಮುಚ್ಚಿ ಕೂತ. ಎಲ್ಲಿ ಕೋಲಾ ಕೇಳಿ ಮಾನ ಕಳೀತಾನೋ ಎಂದು ನಾನು ಬಾಟಲಿಯನ್ನು ಹತ್ತಿರ ಎಳೆದುಕೊಂಡೆ.

ಕಣ್ಣು ಬಿಟ್ಟ. ದನಿ ತಗ್ಗಿತ್ತು. "ಇಂಥಾ ಮಾಲು ಕೈಬಿಟ್ಟೆ ಅಂತ ಆ ಕಾಯಿಸಿದೋನಿಗೆ ಗೊತ್ತೈತಾ?"

"ಇರಲಿಕ್ಕಿಲ್ಲ."

"ಹೇಳಕ್ಕೋಗ್ಬ್ಯಾಡ್ರಿ," ಎಂದು ಖಾಲಿ ಗ್ಲಾಸನ್ನು ನನ್ನ ಕಡೆ ತಳ್ಳಿದ.

ಇವತ್ತಿನವರೆಗೂ ಸ್ಕಾಟ್ಲೆಂಡಿನ ಯಾರ ಹತ್ತಿರವೂ ನಾನು ಬಾಯಿ ಬಿಟ್ಟಿಲ್ಲ.