ಪೆಂಗ್ವಿನಕ್ಕನ ಅಂಗಡಿಯಲ್ಲಿ ಆಚೆ ಹಾಕೋರಿಲ್ಲ

ಬೀದಿ ಗುಡಿಸುವವರು ಇನ್ನೂ ಮೂಲೆಯ ತಿರುವು ದಾಟಿಲ್ಲ. ಚಪ್ಪಲಿ ಅಂಗಡಿಯ ಕೆಳಗಿನ ನೆಲಮಾಳಿಗೆಯಲ್ಲಿ ಮಾತ್ರ ಆಗಲೇ ದೀಪ ಹತ್ತಿದೆ. ರವಿಕೆಯ ತೋಳು ಮೇಲಕ್ಕೆ ಮಡಚಿಕೊಂಡ ಹೆಂಗಸೊಬ್ಬರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಗೋಡೆಗೆ ಬಣ್ಣ ಬಳಿಯುವ ಬ್ರಷ್ಷಿನಿಂದ ಕಂಪ್ಯೂಟರಿನ ಹೊಟ್ಟೆಯೊಳಗಿನ ಧೂಳು ತೆಗೆಯುತ್ತಿದ್ದಾರೆ. ಒಂದಾದ ಮೇಲೊಂದು ಪೆಟ್ಟಿಗೆ ಬಿಚ್ಚುತ್ತಾರೆ, ಫ್ಯಾನಿಗೆ ಬಾಯಿಂದ ಗಾಳಿ ಊದುತ್ತಾರೆ, ತಾವೇ ಸೀನುತ್ತಾರೆ, ಮುಚ್ಚುತ್ತಾರೆ.

ಆಮೇಲೆ ಆಡಲು ಕೂರುತ್ತಾರೆ. ರಾತ್ರಿ ಇಳಿದುಬಂದ ಹೊಸ ಅಪ್‌ಡೇಟಿನಿಂದ ಯಾವ ಆಟ ಕೆಟ್ಟಿದೆ, ಯಾವುದು ಸುಧಾರಿಸಿದೆ ಎಂದು ಗಿರಾಕಿಗಳು ಬರುವ ಮುಂಚೆ ನೋಡಬೇಕು. ಪರದೆಯ ಮೇಲೆ ಅವರ ಕೆಂಪು ಕಾರು ಹೊರಟ ಕೂಡಲೇ ಗೋಡೆಗೆ ಗುದ್ದುತ್ತದೆ, ತಿರುಗಿ ಹಿಂದಕ್ಕೆ ಓಡುತ್ತದೆ, ಬೇಲಿ ಮುರಿದು ಹೊಲಕ್ಕೆ ನುಗ್ಗುತ್ತದೆ. ಅವರ ಮುಖದಲ್ಲಿ ಒಂದು ಗೆರೆಯೂ ಅಲುಗುವುದಿಲ್ಲ. ಚಿತ್ರ ತಡವರಿಸುತ್ತಿಲ್ಲ, ಸದ್ದು ಸರಿಯಾಗಿದೆ, ಅಷ್ಟು ಸಾಕು. ಇಷ್ಟು ಶ್ರದ್ಧೆಯಿಂದ ಇಷ್ಟು ಕೆಟ್ಟದಾಗಿ ಆಡುವವರು ಊರಲ್ಲಿ ಇನ್ನೊಬ್ಬರಿರಲಾರರು. ನೋಡಿದ್ದನ್ನು ಅಂತರ್ಜಾಲದ ಒಂದು ಪುಟದಲ್ಲಿ ಬರೆದು ಹಾಕುತ್ತಾರೆ. ಅವರು ಎಂದೂ ಕಾಣದ ಊರುಗಳ ಆಟಗಾರರು ಅದನ್ನು ಓದಿ ತಮ್ಮ ಕಂಪ್ಯೂಟರ್ ಸರಿಮಾಡಿಕೊಳ್ಳುತ್ತಾರೆ.

ಬೀದಿಯವರೆಲ್ಲ ಇವರನ್ನು ಕರೆಯುವುದು ಪೆಂಗ್ವಿನಕ್ಕ ಎಂದು. ಇವರ ಗೇಮಿಂಗ್ ಸೆಂಟರಿನ ಯಂತ್ರಗಳೆಲ್ಲ ಓಡುವುದು ಲಿನಕ್ಸ್ ಮೇಲೆ, ಲಿನಕ್ಸಿನ ಗುರುತು ಪೆಂಗ್ವಿನ್. ಮೊದಮೊದಲು ಗೇಲಿಗೆ ಇಟ್ಟ ಹೆಸರು. ಅಕ್ಕ ಮಾರನೆಯ ದಿನವೇ ಬಾಗಿಲ ಮೇಲೆ ದೊಡ್ಡದೊಂದು ಪೆಂಗ್ವಿನ್ ಬರೆಸಿ, ಗೇಲಿ ಮಾಡಿದವರ ಬಾಯಿ ಕಟ್ಟಿಹಾಕಿದರು.

ಕಂಪ್ಯೂಟರನ್ನು ನಡೆಸುವ ವ್ಯವಸ್ಥೆಗಳಲ್ಲಿ ಲಿನಕ್ಸ್ ಒಂದು. ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಮಗೆ ಬೇಕಾದಂತೆ ತಿದ್ದಿಕೊಳ್ಳಬಹುದು. ಆಟಕ್ಕೆ ಅದು ಒಗ್ಗುವುದಿಲ್ಲ ಎಂಬ ಮಾತು ಬಹುಕಾಲ ನಡೆದುಬಂತು. ಈಗ ಬೇರೆ ವ್ಯವಸ್ಥೆಗೆಂದು ಮಾಡಿದ ಆಟಗಳನ್ನೂ ಲಿನಕ್ಸಿಗೆ ತಿಳಿಯುವಂತೆ ಹೇಳುವ ದುಭಾಷಿ ತಂತ್ರಾಂಶಗಳಿವೆ. ಅಂಗೈಯಲ್ಲಿ ಹಿಡಿದು ಆಡುವ ಯಂತ್ರಗಳೂ ಲಿನಕ್ಸ್ ಹೊತ್ತು ಬರುತ್ತಿವೆ. ವರ್ಷದಿಂದ ವರ್ಷಕ್ಕೆ ಈ ಕಡೆ ವಾಲುವ ಆಟಗಾರರು ಹೆಚ್ಚುತ್ತಿದ್ದಾರೆ. ಆದರೆ ಅಕ್ಕ ಇತ್ತ ಬಂದದ್ದು ಗಾಳಿ ಬಂದ ಕಡೆ ತೂರಿಕೊಳ್ಳಲು ಅಲ್ಲ. ಅವರು ಬಂದದ್ದು ತಮ್ಮನ ಸಲುವಾಗಿ, ಹಠಕ್ಕೆ ಬಿದ್ದು.

ಅಕ್ಕ, ತಮ್ಮ ಇಬ್ಬರೂ ಮೊದಲು ಒಂದೇ ಮುದ್ರಣಾಲಯದಲ್ಲಿದ್ದವರು. ಅಕ್ಕ ಪುಟ ಜೋಡಿಸುತ್ತಿದ್ದರು, ತಮ್ಮ ಕಾಗದ ಕತ್ತರಿಸುವ ಯಂತ್ರದಲ್ಲಿದ್ದ. ಆ ಯಂತ್ರಕ್ಕೆ ಒಂದು ದಿನ ಅವನ ಬಲಗೈ ಮೊಣಕೈವರೆಗೆ ಹೋಯಿತು. ಗಾಯ ಮಾಯ್ದು ಬಂದವನಿಗೆ ಮಾಲೀಕರು ಇನ್ನು ನಿನಗೆ ಕೊಡುವ ಕೆಲಸ ಇಲ್ಲಿಲ್ಲ ಎಂದರು. ಅಕ್ಕ ಅಂದೇ ಚೀಲ ಎತ್ತಿಕೊಂಡು ಹೊರಬಂದರು. "ಅವನನ್ನ ಬೇಡ ಅಂದ ಜಾಗದಲ್ಲಿ ನಾನು ಯಾವ ಮುಖ ಇಟ್ಕೊಂಡು ಕೂರ್ಲಿ?" ಎಂದು ಈಗಲೂ ಕೇಳುತ್ತಾರೆ. ಹಳೆಯ ಯಂತ್ರಗಳನ್ನು ಕೂಡಿಸಿಕೊಂಡು ಇಬ್ಬರೂ ಈ ಸೆಂಟರ್ ತೆರೆದರು.

ತಮ್ಮನಿಗೆ ಕಾರ್ ರೇಸಿನ ಆಟವೆಂದರೆ ಪ್ರಾಣ. ಎಡಗೈ ಒಂದರಲ್ಲೇ ಎಲ್ಲ ಗುಂಡಿ ಒತ್ತಲಾಗದೆ ಒದ್ದಾಡುತ್ತಿದ್ದ. ಅವನ ಹೆಂಡತಿ ದರ್ಜಿ. ಕೆಟ್ಟು ಮೂಲೆ ಸೇರಿದ್ದ ಕರೆಂಟಿನ ಹೊಲಿಗೆ ಯಂತ್ರಗಳ ಎರಡು ಕಾಲು ಪೆಡಲ್ ತಂದು ಮುಂದಿಟ್ಟಳು. ಅಕ್ಕ ಅವುಗಳ ತಂತಿ ಬಿಚ್ಚಿ ಕಂಪ್ಯೂಟರಿಗೆ ಜೋಡಿಸಿದರು. ಪೆಡಲಿನ ಒತ್ತನ್ನು ಕೀಲಿಯ ಒತ್ತಾಗಿ ಬದಲಿಸುವ ಪುಟ್ಟ ತಂತ್ರಾಂಶವೊಂದು ಸಿಕ್ಕಿತು. ಒಂದು ಕಾಲಿಗೆ ವೇಗ, ಇನ್ನೊಂದಕ್ಕೆ ಬ್ರೇಕು, ಎಡಗೈಗೆ ತಿರುವು. ಕೆಲವೇ ವಾರಗಳಲ್ಲಿ ಅವನ ಜೊತೆ ಪಂದ್ಯ ಕಟ್ಟಲು ಎರಡು ಕೈ ಇದ್ದವರು ಹಿಂಜರಿಯತೊಡಗಿದರು.

ಮುಖ್ಯರಸ್ತೆಯ ದೊಡ್ಡ ಗೇಮಿಂಗ್ ಹಾಲಿನ ಮಾಲೀಕ ಪ್ರತಿವರ್ಷ ಸ್ಪರ್ಧೆ ನಡೆಸುತ್ತಾನೆ. ಆಗ ಎಲ್ಲರ ಬಾಯಲ್ಲಿದ್ದ ರೇಸಿನ ಆಟವೊಂದರಲ್ಲಿ ತಮ್ಮನೂ ಪಂದ್ಯಕ್ಕೆ ಇಳಿದ. ಆ ಆಟಕ್ಕೆ ಮೋಸಗಾರರನ್ನು ಹಿಡಿಯುವ ಕಾವಲು ತಂತ್ರಾಂಶವಿತ್ತು. ಪೆಡಲಿನ ತಂತ್ರಾಂಶವನ್ನು ಅದು ಮೋಸವೆಂದೇ ಬಗೆಯಿತು. ಓಟದ ನಡುವೆ ಪರದೆ ಕೆಂಪಾಯಿತು, ಆಟಗಾರನನ್ನು ಮೋಸಕ್ಕಾಗಿ ಹೊರಹಾಕಲಾಗಿದೆ ಎಂದು ಅಕ್ಷರ ಮೂಡಿತು. ಹಾಲಿನ ಮಾಲೀಕ ಅದನ್ನು ಹಾಗೇ ಮೈಕಿನಲ್ಲಿ ಓದಿದ. ನೆರೆದವರೆಲ್ಲ ತಿರುಗಿ ನೋಡಿದರು.

ತಮ್ಮ ಅಂದಿನಿಂದ ಸೆಂಟರಿನ ಮೆಟ್ಟಿಲು ಇಳಿಯಲಿಲ್ಲ. ಹೆಂಡತಿ ಹೊಲಿಯುವ ಕೋಣೆಯಲ್ಲಿ ಕಿಟಕಿಗೆ ಬೆನ್ನು ಮಾಡಿ ಕೂತಿರುತ್ತಿದ್ದ. ಕೈ ಹೋದಾಗಲೂ ಇಷ್ಟು ಕುಗ್ಗಿರಲಿಲ್ಲ ಎನ್ನುತ್ತಾಳೆ ಅವಳು. ಅಕ್ಕ ಆಟ ಮಾಡಿದ ಕಂಪನಿಗೆ ಪೆಡಲಿನ ಚಿತ್ರ ಸಮೇತ ದೂರು ಕಳಿಸಿದರು. ಯಂತ್ರವೇ ಬರೆದಂತಿದ್ದ ಉತ್ತರ ಬಂತು, ನಿರ್ಧಾರ ಅಂತಿಮ ಎಂದು.

ಲಿನಕ್ಸಿನ ಹೆಸರು ಮೊದಲು ಎತ್ತಿದ್ದು ಸೆಂಟರಿನ ಹಳೆಯ ಗಿರಾಕಿ, ಆಂಬ್ಯುಲೆನ್ಸ್ ಓಡಿಸುವವನು. ಅದರಲ್ಲಿ ಪೆಡಲನ್ನೇ ನೇರವಾಗಿ ಕೀಲಿಮಣೆ ಎಂದು ವ್ಯವಸ್ಥೆಗೆ ಒಪ್ಪಿಸಬಹುದಂತೆ, ನಡುವೆ ಇನ್ನೊಂದು ತಂತ್ರಾಂಶ ಬೇಕಿಲ್ಲವಂತೆ ಎಂದ. ಅಕ್ಕ ಒಂದು ಯಂತ್ರದಲ್ಲಿ ಹಾಕಿ ನೋಡಿದರು. ಕೆಟ್ಟಿತು. ಮತ್ತೆ ಹಾಕಿದರು. ಸದ್ದು ಬಂದರೆ ಚಿತ್ರ ಬಾರದು, ಚಿತ್ರ ಬಂದರೆ ಸದ್ದಿಲ್ಲ. ಬಿಡದೆ ಬೆನ್ನು ಹತ್ತಿದರು, ಗೊತ್ತಿದ್ದವರನ್ನು ಅಂತರ್ಜಾಲದಲ್ಲಿ ಕೇಳಿ ಕೇಳಿ ಗೋಳು ಹೊಯ್ದುಕೊಂಡರು. ಕೊನೆಗೆ ರೇಸಿನ ಆಟಗಳು ಒಂದೊಂದಾಗಿ ಓಡತೊಡಗಿದವು, ಪೆಡಲೂ ಒಪ್ಪಿತು.

ಓಡದೆ ಉಳಿದದ್ದು ಆ ಒಂದು ಆಟ. ಅದರ ಕಾವಲುಗಾರ ಲಿನಕ್ಸನ್ನು ಬಾಗಿಲಲ್ಲೇ ತಡೆಯುತ್ತಾನೆ. ಅಕ್ಕ ಹಿಂದುಮುಂದು ನೋಡದೆ ಎಲ್ಲ ಯಂತ್ರಗಳನ್ನೂ ಲಿನಕ್ಸಿಗೆ ಬದಲಿಸಿ, ಗೋಡೆಗೆ ಹಲಗೆ ಹಾಕಿದರು: 'ಆ ಆಟ ಇಲ್ಲಿಲ್ಲ. ತಪ್ಪು ನಮ್ಮ ಯಂತ್ರದ್ದಲ್ಲ.' ಅರ್ಧಕ್ಕರ್ಧ ಹುಡುಗರು ಮುಖ್ಯರಸ್ತೆಯ ಹಾಲಿಗೆ ಹೋದರು. ಅಕ್ಕನಿಗೆ ತಲೆ ಕೆಟ್ಟಿದೆ ಎಂದರು ಕೆಲವರು. ಗಂಡನ ಅಕ್ಕ ಅಂದರೆ ಹೀಗಿರಬೇಕೆಂದು ತಮ್ಮನ ಹೆಂಡತಿ ಮಾತ್ರ ಹೊಲಿಗೆಯ ಗಿರಾಕಿಗಳ ಮುಂದೆಲ್ಲ ಹೇಳಿಕೊಂಡು ತಿರುಗಿದಳು.

ಮುಂದಿನ ಸ್ಪರ್ಧೆಯ ಹೊತ್ತಿಗೆ ಹಾಲಿನ ಮಾಲೀಕ ತಾನೇ ಮೆಟ್ಟಿಲಿಳಿದು ಬಂದ. ನಮ್ಮಲ್ಲಿರುವ ಯಂತ್ರಗಳು ಸಾಲವು, ನಿಮ್ಮವಕ್ಕೆ ಹಳೆಯ ವ್ಯವಸ್ಥೆ ಹಾಕಿ ಸ್ಪರ್ಧೆಗೆ ಕೊಡಿ ಎಂದ. ತಮ್ಮನನ್ನು ವೇದಿಕೆಯ ಮೇಲೆ ಕೂರಿಸಿ ಸನ್ಮಾನ ಮಾಡುತ್ತೇವೆ ಎಂದೂ ಸೇರಿಸಿದ. ಅಕ್ಕನಿಗೆ ಉರಿದುಹೋಯಿತು.

"ಅವನು ಆಡೋಕೆ ಬಂದೋನು, ಕೂತ್ಕೊಂಡು ಚಪ್ಪಾಳೆ ತಟ್ಟೋಕಲ್ಲ. ತಟ್ಟೋಕೆ ಅವನಿಗಿರೋದು ಒಂದೇ ಕೈ, ಅದೂ ನಿಮಗೆ ಮರ್ತುಹೋಗಿದೆ" ಎಂದರು.

ಹಾಲಿನಲ್ಲಿ ಸ್ಪರ್ಧೆ ಇದ್ದ ಭಾನುವಾರವೇ ತಾವೂ ಬೇರೆ ಸ್ಪರ್ಧೆ ಇಟ್ಟರು. ಲಿನಕ್ಸ್ ಮೇಲೆ ಓಡುವ ಆಟ, ಕೈಯಲ್ಲೋ ಕಾಲಲ್ಲೋ ಗಲ್ಲದಲ್ಲೋ, ಯಾರಿಗೆ ಹೇಗೆ ಬೇಕೋ ಹಾಗೆ. ಬೆಳಿಗ್ಗೆ ಕುರ್ಚಿಗಳು ಖಾಲಿ ಹೊಡೆಯುತ್ತಿದ್ದವು. ತಮ್ಮ ಬಂದಿರಲಿಲ್ಲ. ಅಕ್ಕ ಒಬ್ಬರೇ ಯಂತ್ರದಿಂದ ಯಂತ್ರಕ್ಕೆ ಓಡಾಡುತ್ತ, ಸರಿಯಾಗಿಯೇ ಇದ್ದ ತಂತಿಗಳನ್ನು ಮತ್ತೆ ಮತ್ತೆ ಸರಿಮಾಡುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಆಂಬ್ಯುಲೆನ್ಸಿನವನು ಬಂದ. ಹಿಂದೆಯೇ ಅಂಗೈ ಯಂತ್ರ ಹಿಡಿದವರು, ಬಿಟ್ಟುಹೋದ ಹಳೆಯ ಗಿರಾಕಿಗಳಲ್ಲಿ ಕೆಲವರು. ಕೊನೆಗೆ ದರ್ಜಿ ಹೆಂಡತಿ ಮುಂದೆ, ಪೆಡಲಿನ ಚೀಲ ಹಿಡಿದ ತಮ್ಮ ಹಿಂದೆ.

ಸಂಜೆ ತಮ್ಮ ಅಂತಿಮ ಸುತ್ತಿಗೆ ಬಂದಿದ್ದಾನೆಂಬ ಸುದ್ದಿ ಮುಖ್ಯರಸ್ತೆಗೂ ಮುಟ್ಟಿತು. ತನ್ನ ಪಂದ್ಯ ಮುಗಿಸಿದ ಹಾಲಿನ ಮಾಲೀಕ ಬಾಗಿಲಲ್ಲಿ ಬಂದು ನಿಂತ. ಪೆಡಲನ್ನೇ ನೋಡುತ್ತಿದ್ದವನನ್ನು ಅಕ್ಕ ಕರೆದು, ಕೂತು ಆಡಿ ನೋಡಿ ಎಂದರು. ಅವನು ಕೂತ. ಅವನ ಕಾರು ನೆಟ್ಟಗೆ ಒಂದು ಮಾರೂ ಹೋಗಲಿಲ್ಲ. ಸುತ್ತಲಿದ್ದವರು ನಗತೊಡಗಿದರು.

"ಇದ್ರಲ್ಲಿ ಆಡೋದೇ ಕಷ್ಟ, ಮೋಸ ಎಲ್ಲಿಂದ ಮಾಡ್ತಾರೆ" ಎಂದ, ತಮ್ಮನ ಮುಖ ನೋಡದೆ. ಕ್ಷಮೆ ಕೇಳಲಿಲ್ಲ. ಆದರೆ ಅಷ್ಟು ಜನರ ಕಿವಿಗೆ ಬೀಳುವಂತೆ ಹೇಳಿದ. ತಮ್ಮ ತಲೆ ಎತ್ತದೆ ಪೆಡಲ್ ಹತ್ತಿರಕ್ಕೆ ಎಳೆದುಕೊಂಡು ತನ್ನ ಸುತ್ತಿಗೆ ಕೂತ.

ಗೆದ್ದದ್ದು ಆಂಬ್ಯುಲೆನ್ಸಿನವನು. ಕೊನೆಯ ತಿರುವಿನವರೆಗೂ ಮುಂದಿದ್ದ ತಮ್ಮ ಅಲ್ಲಿ ಬ್ರೇಕು ತಡವಾಗಿ ತುಳಿದ. ಮನೆಗೆ ಹೋಗಿ ಊಟ ಬಿಟ್ಟು ಕೂತ. ಹೆಂಡತಿ ಗಾಬರಿಯಾಗಿ ಫೋನ್ ಮಾಡಿದರೆ ಅಕ್ಕನಿಗೆ ಈ ಕಡೆ ನಗು ತಡೆಯಲಾಗಲಿಲ್ಲ. ತಿರುವನ್ನು ಹೇಗೆ ತೆಗೆದುಕೊಳ್ಳಬೇಕಿತ್ತೆಂದು ಅವನು ಗೋಡೆಗೆ ವಿವರಿಸುತ್ತಿದ್ದಾನಂತೆ.

ಈಗ ಅವನು ದಿನಾ ಬರುತ್ತಾನೆ. ಹೋದ ಹುಡುಗರಲ್ಲಿ ಎಲ್ಲರೂ ವಾಪಸಾಗಿಲ್ಲ. ಆ ಆಟ ಇಲ್ಲಿ ಈಗಲೂ ಓಡುವುದಿಲ್ಲ. ಅದಕ್ಕೆ ಅಕ್ಕನಿಗೆ ಬೇಸರವಿಲ್ಲವೇ ಎಂದರೆ ಹುಬ್ಬು ಗಂಟಿಕ್ಕುತ್ತಾರೆ.

"ಅವರ ಆಟ ಅವರ ಹತ್ರ ಇರ್ಲಿ. ನನ್ನ ತಮ್ಮ ಸೋತಿದ್ದಾನೆ, ಸರಿ. ಎಲ್ಲರ ಹಾಗೇ ಸೋತಿದ್ದಾನೆ. ನಾಳೆ ಬಂದು ಮತ್ತೆ ಆಡ್ತಾನೆ. ಅವನನ್ನ ಆಚೆ ಹಾಕೋರು ಇಲ್ಲಿ ಯಾರೂ ಇಲ್ಲ."